ಹಿರಿಯಣ್ಣ ಆಡದ ಮಾತು

ಆ ಮನೆಯಲ್ಲಿ ಸೀರಿಯಲ್ ನಡೆಯುವಾಗ ಮಗ ಬಾಯಿ ತೆರೆಯುವ ಹಾಗಿರಲಿಲ್ಲ. ತೆರೆಯಲೇಬೇಕಾದರೆ ಮೊದಲು ಚಮಚದಿಂದ ತಟ್ಟೆಯ ಅಂಚಿಗೆ ಎರಡು ಸಲ ಬಡಿಯಬೇಕು, ಆಮೇಲೆ ಮಾತು. ಇದು ಅವನ ಅಪ್ಪ ಮಾಡಿದ ನಿಯಮ.

ಅಪ್ಪನಿಗೆ ಕಣ್ಣು ಹೋಗಿತ್ತು. ಜೀವಮಾನವಿಡೀ ಕೈಗಡಿಯಾರ ರಿಪೇರಿ ಮಾಡಿದವನು. ಬೀದಿಯವರಿಗೆ ಇವತ್ತಿಗೂ ಅವನು ಗಡಿಯಾರದಜ್ಜ. ಮಗನ ಕಸುಬು ಡಬ್ಬಿಂಗ್. ಬೇರೆ ಭಾಷೆಯಲ್ಲಿ ತಯಾರಾದ ಆ ಸೀರಿಯಲ್ಲಿನ ನಾಯಕ ಹಿರಿಯಣ್ಣನಿಗೆ ದನಿ ಕೊಡುವವನು ಅವನೇ. ಹೀಗಾಗಿ ರಾತ್ರಿಯೂಟದ ಹೊತ್ತಿಗೆ ಟಿ.ವಿ.ಯ ಕಡೆಯಿಂದ ಮಗನ ದನಿ "ನೀರು ಕೊಡಮ್ಮಾ" ಅನ್ನುತ್ತಿತ್ತು, ಮೇಜಿನ ಕಡೆಯಿಂದ ಅದೇ ದನಿ "ಉಪ್ಪು ಕೊಡೇ" ಅನ್ನುತ್ತಿತ್ತು. ಒಮ್ಮೆ ಹಿರಿಯಣ್ಣ "ಅಪ್ಪಾ, ಊಟ ಮಾಡಿದ್ರಾ?" ಎಂದು ಕೇಳಿದಾಗ ಮುದುಕ, "ಮಾಡ್ತಾ ಇದ್ದೀನಲ್ಲೋ, ಕಾಣಲ್ವಾ?" ಎಂದುಬಿಟ್ಟಿದ್ದ. ಮೊಮ್ಮಗಳು ನಕ್ಕು ನಕ್ಕು ಕೆಮ್ಮಿದ್ದಳು. "ಕುರುಡ ನಾನಾ, ಅವನಾ?" ಎಂದು ಮುದುಕನೂ ನಕ್ಕಿದ್ದ. ಚಮಚದ ನಿಯಮ ಬಂದದ್ದು ಆವತ್ತು.

ಆಗಿನ ಹಿರಿಯಣ್ಣ ತನ್ನ ಪಾಲಿನ ಬ್ರೆಡ್ಡನ್ನು ತಮ್ಮಂದಿರಿಗೆ ಹಂಚಿ ನೀರು ಕುಡಿದು ಮಲಗುವವನು. ಬೈದವರ ಮುಂದೆಯೂ "ತಪ್ಪು ನಂದೇ ಇರಬಹುದು, ಅಲ್ವಾ?" ಅನ್ನುವವನು. ಮಗನಿಗೆ ಆ ದನಿ ಸುಲಭವಾಗಿ ಬರುತ್ತಿತ್ತು, ಹೆಚ್ಚುಕಡಿಮೆ ಅವನದೇ ದನಿ. ವಾರಕ್ಕೊಮ್ಮೆ ಮನೆಯಲ್ಲಿ ಮೀನು ಮಾಡಿದಾಗ ಅಪ್ಪನ ತಟ್ಟೆಯ ಮೀನಿನ ಮುಳ್ಳು ತೆಗೆಯುವ ಕೆಲಸ ಅವನದು. ದೀಪದ ಕೆಳಗೆ ತಟ್ಟೆ ಬಗ್ಗಿಸಿಕೊಂಡು, ಒಂದೊಂದೇ ಮುಳ್ಳು ಹೆಕ್ಕಿ, ಕೊನೆಗೆ ಎರಡು ಸಲ ಚಮಚ ಬಡಿದು, "ತಗೊಳ್ಳಿ ಅಪ್ಪ, ಕಣ್ಣು ಮುಚ್ಚಿಕೊಂಡು ತಿನ್ನಿ" ಅನ್ನುತ್ತಿದ್ದ.

"ತೆರೆದಿದ್ದರೆ ತಾನೆ ಮುಚ್ಚೋಕೆ!" ಎನ್ನುತ್ತಿದ್ದ ಅಪ್ಪ. ಪ್ರತಿ ವಾರ ಅದೇ ಜೋಕು. ಪ್ರತಿ ವಾರ ಎಲ್ಲರೂ ನಗುತ್ತಿದ್ದರು.

ಆಮೇಲೆ ಕಥೆಯಲ್ಲಿ ಹಿರಿಯಣ್ಣನಿಗೆ ಜೈಲಾಯಿತು. ಬಿಡುಗಡೆಯಾಗಿ ಬಂದವನ ಗಡ್ಡ ಬೇರೆ, ನಡಿಗೆ ಬೇರೆ.

"ಅಳೋ ಗಂಡಸು ಜನಕ್ಕೆ ಸಾಕಾಗಿದಾನಂತೆ," ಎಂದರು ಡಬ್ಬಿಂಗ್ ಮೇಡಂ. ಸ್ಟುಡಿಯೋದಲ್ಲಿ ಗಾಜಿನ ಆಚೆ ಕೂತು ಪ್ರತಿ ಮಾತೂ ತುಟಿಗೆ ಕೂತಿದೆಯೇ ಎಂದು ನೋಡುವುದು ಅವರ ಕೆಲಸ. "ಇನ್ಮೇಲೆ ಎದೆಯಿಂದ ಮಾತಾಡಿ. ಉಸಿರು ಕೇಳಿಸಬಾರದು. ದನಿಯಲ್ಲಿ ನಗು ಬೇಡವೇ ಬೇಡ."

ಬದಲಾವಣೆ ಒಂದೇ ಸಲಕ್ಕೆ ಆಗಲಿಲ್ಲ. ಮೊದಲು ಸ್ಕ್ರಿಪ್ಟಿನಿಂದ 'ದಯವಿಟ್ಟು' ಹೋಯಿತು. ಆಮೇಲೆ 'ಅಲ್ವಾ?' ಹೋಯಿತು. ವಾಕ್ಯಗಳು ಗಿಡ್ಡವಾದವು. ಹಿರಿಯಣ್ಣ ಒಂದು ಕಾರ್ಖಾನೆಯ ಯಜಮಾನನಾದ, ಹಿಂದೆ ತಾನೇ ಬ್ರೆಡ್ಡು ಕೊಟ್ಟಿದ್ದ ತಮ್ಮನ ಕೆನ್ನೆಗೇ ಬಾರಿಸಿದ, ಗಾಲಿಕುರ್ಚಿಯಲ್ಲಿದ್ದ ತನ್ನ ಅಪ್ಪ ಏನಾದರೂ ಹೇಳುವಾಗ ಕಿಟಕಿಯ ಕಡೆ ತಿರುಗಿ ನಿಲ್ಲುವುದನ್ನು ಕಲಿತ. ನೋಡುವವರ ಸಂಖ್ಯೆ ಏರಿತು.

ಬೀದಿಗೂ ಹೊಸ ಹಿರಿಯಣ್ಣನೇ ಹಿಡಿಸಿದ. ಅಂಗಡಿಯವನು ಸಾಮಾನು ಕಟ್ಟುವ ಮೊದಲು, "ಸಾರ್, ಒಂದು ಸಲ 'ಹೊರಗೆ ನಡಿ' ಅನ್ನಿ" ಎಂದು ಗೋಗರೆಯುತ್ತಿದ್ದ. ತಿಂಗಳಿಂದ ಸತಾಯಿಸುತ್ತಿದ್ದ ನಲ್ಲಿ ರಿಪೇರಿಯವನಿಗೆ ಮಗ ಫೋನಿನಲ್ಲಿ ಹಿರಿಯಣ್ಣನ ದನಿಯಲ್ಲಿ "ಇವತ್ತು. ಸಂಜೆ ಒಳಗೆ" ಎಂದಷ್ಟೇ ಹೇಳಿದ. ಆಸಾಮಿ ಮಧ್ಯಾಹ್ನವೇ ಹಾಜರು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ತಟ್ಟಬಾರದಿತ್ತು ಎಂದು ಹೆಂಡತಿ ಆಮೇಲೆ ಹೇಳಿದಳು.

ಏಕೆಂದರೆ ನಲ್ಲಿ ಸರಿಹೋದ ಮೇಲೂ ಆ ದನಿ ಮನೆಯಿಂದ ಹೋಗಲಿಲ್ಲ.

"ಟೀ," ಎನ್ನತೊಡಗಿದ.

"ಟೀ ಏನಾಯ್ತು ರೀ? ಸತ್ತೋಯ್ತಾ?" ಎಂದಳು ಹೆಂಡತಿ. ಅವಳು ಬೇಕರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ನಸುಕಿನಲ್ಲೇ ಹೋಗಿ ಬರುವವಳು, ಸಂಜೆಯಾದರೆ ಕಾಲು ಬಾತು ಚಪ್ಪಲಿ ಬಿಗಿಯಾಗಿರುತ್ತಿತ್ತು. "ಟೀ ಮಾಡ್ತೀಯಾ ಅನ್ನೋಕೆ ನಾಲಿಗೆ ಸವೆಯುತ್ತಾ?"

"ತಲೆ ತಿನ್ನಬೇಡ."

"ಇದು ಯಾವ ಎಪಿಸೋಡಿಂದಪ್ಪಾ?" ಎಂದು ಮಗಳು ಹೋಂವರ್ಕಿನಿಂದ ತಲೆ ಎತ್ತದೆ ಕೇಳಿದಳು.

"ದೊಡ್ಡವರು ಮಾತಾಡುವಾಗ ಬಾಯಿ ಹಾಕಬೇಡ."

"ಇದು ಮೊನ್ನೆಯದು," ಎಂದು ಮಗಳು ತಾನೇ ಉತ್ತರಿಸಿಕೊಂಡಳು.

ಮುದುಕ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಒಂದು ದಿನ, "ನಿಮ್ಮ ಹಿರಿಯಣ್ಣ ಇತ್ತೀಚೆಗೆ ಯಾರನ್ನೂ ಏನೂ ಕೇಳೋದೇ ಇಲ್ಲವಲ್ಲೋ," ಎಂದ. "ಮೊದಲೆಲ್ಲ ಊಟ ಆಯ್ತಾ, ನಿದ್ದೆ ಬಂತಾ ಅಂತ ಕೇಳ್ತಿದ್ದ. ಈಗ ಬರೀ ಹೇಳ್ತಾನೆ."

"ಪಾತ್ರ ಬೆಳೀತಿದೆ ಅಪ್ಪ."

"ಬೆಳೀತಿದೆಯಾ? ನನಗೇನೋ ಒಣಗ್ತಿದೆ ಅನ್ನಿಸ್ತು."

ಮುಂದಿನ ವಾರದ ಮೀನಿನ ದಿನ ಮಗ ಫೋನು ನೋಡುತ್ತ ಕೂತಿದ್ದ. ತಟ್ಟೆ ಮುಂದಿಟ್ಟರೂ ಕೈ ಹಾಕಲಿಲ್ಲ. ಹೆಂಡತಿ ಮೊಣಕೈಯಿಂದ ತಿವಿದಾಗ, "ನೀನೇ ತೆಗೆದುಕೊಡು. ವಾರ ವಾರ ಇದೇ ಆಯ್ತು," ಎಂದ. ಚಮಚ ಬಡಿದಿರಲಿಲ್ಲ, ಟಿ.ವಿ. ಜೋರಾಗಿತ್ತು. ಮುದುಕ ಯಾವ ಕಡೆಗೂ ತಿರುಗಲಿಲ್ಲ. ಸೊಸೆ ಮುಳ್ಳು ತೆಗೆದುಕೊಟ್ಟಳು. ಅವಸರದಲ್ಲಿ ಒಂದು ಉಳಿದಿತ್ತು. ಮುದುಕ ಕೆಮ್ಮಿ ಕೆಮ್ಮಿ, ಒಣ ಬ್ರೆಡ್ಡು ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಏನಿಲ್ಲ, ಏನಿಲ್ಲ, ಇಳೀತು," ಎಂದ.

"ನೋಡ್ಕೊಂಡು ತೆಗೀಬಾರದಾ?" ಎಂದು ಮಗ ಹೆಂಡತಿಯ ಮೇಲೆ ರೇಗಿದ.

"ಅಯ್ಯೋ, ಯಜಮಾನರಿಗೆ ಬಿಡುವಿರಲಿಲ್ಲವಲ್ಲ!" ಎಂದಳು ಅವಳು.

ಜಗಳಕ್ಕೆ ನಿಜವಾಗಿ ಕಿಡಿ ಹಚ್ಚಿದ್ದು ಫೋನು. ಮಗ ಸ್ನಾನಕ್ಕೆ ಹೋದಾಗ ಚಾನೆಲ್ಲಿನಿಂದ ಯಾರೋ ಫೋನು ಮಾಡಿದರು. ಸೀರಿಯಲ್ಲಿನ ಸಮಾರಂಭ ಇದೆ, ದನಿ ಕೊಟ್ಟವರನ್ನೂ ವೇದಿಕೆಗೆ ಕರೆಯುವ ಆಲೋಚನೆ ಇದೆ ಎಂದು ಹೇಳುವುದಕ್ಕೆ. ಫೋನೆತ್ತಿದ್ದು ಮುದುಕ.

"ನಾನು ಅವನಪ್ಪ," ಎಂದ. "ನೀವು ಚಾನೆಲ್ಲಿನವರಾ? ಒಳ್ಳೇದಾಯ್ತು. ಏನ್ರೀ ಇದು, ಚೆನ್ನಾಗಿದ್ದ ಹುಡುಗನನ್ನ ಹೀಗೆ ಹಾಳು ಮಾಡಿದ್ದೀರಿ? ಹಿರಿಯಣ್ಣ ಅಂತ ಹೆಸರಿಟ್ಟುಕೊಂಡು ತಮ್ಮನಿಗೆ ಹೊಡೀತಾನೆ, ಹೆತ್ತಪ್ಪನಿಗೆ ಬೆನ್ನು ಹಾಕ್ತಾನೆ! ನಿಮ್ಮ ಮನೇಲಿ ಅಪ್ಪ ಅಮ್ಮ ಇಲ್ವಾ? ನಮ್ಮ ಮನೇಲಿ ಮಕ್ಕಳು ಕೂತು ನೋಡ್ತಾರೆ. ನನ್ನ ಮಗನ ಬಾಯಲ್ಲಿ ಅಂಥ ಮಾತು ಆಡಿಸ್ತೀರಲ್ಲ, ನಾಚಿಕೆ ಆಗಲ್ವಾ?"

ಆ ಕಡೆಯವರು ಫೋನಿಟ್ಟರು.

ಮರುದಿನ ಸ್ಟುಡಿಯೋದಲ್ಲಿ ಎಲ್ಲರಿಗೂ ಸುದ್ದಿ ಗೊತ್ತಿತ್ತು. ಸೌಂಡ್ ಇಂಜಿನಿಯರ್ ಹೆಡ್‌ಫೋನು ಕೊಡುತ್ತ, "ಏನ್ಸಾರ್, ನಿಮ್ಮ ತಂದೆ ಚಾನೆಲ್ಲಿಗೇ ಕ್ಲಾಸ್ ತಗೊಂಡ್ರಂತೆ?" ಎಂದು ಕಣ್ಣು ಹೊಡೆದ. ಮೇಡಂ ಮಾತ್ರ ನಗದೆ, "ವೇದಿಕೆ ವಿಷಯ ಬಿಟ್ಟುಬಿಟ್ರಂತೆ ಅವರು. ಮನೇಲಿ ಸ್ವಲ್ಪ ಹೇಳಿಡಿ," ಎಂದರು.

ಮನೆಗೆ ಬಂದವನೇ ಚೀಲ ಎಸೆದು ಅಡುಗೆಮನೆಗೆ ಹೋದ. ಹೆಂಡತಿ ಆಲೂಗಡ್ಡೆ ಸುಲಿಯುತ್ತಿದ್ದಳು. ಹಾಲಿನಲ್ಲಿ ಮುದುಕ ಕುರ್ಚಿಯಲ್ಲಿದ್ದ, ಮಗಳು ನೆಲದ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ಟಿ.ವಿ. ಇನ್ನೂ ಹಾಕಿರಲಿಲ್ಲ.

"ಮಾನ ಮರ್ಯಾದೆ ಎಲ್ಲ ತೆಗೆದುಬಿಟ್ರು," ಎಂದ.

"ಮೆಲ್ಲಗೆ ಮಾತಾಡಿ ರೀ. ಮಾವ ಏನೋ ಪ್ರೀತಿಗೆ—"

"ಪ್ರೀತಿ!" ದನಿ ಎದೆಯಿಂದ ಬಂತು. ಉಸಿರು ಕೇಳಿಸಲಿಲ್ಲ. "ಒಂದು ಕುರ್ಚಿ ಜಾಗ ಹಿಡಿದುಕೊಂಡು ಕೂರೋದು ಬಿಟ್ಟು ಈ ಮನೆಗೆ ಆ ಮನುಷ್ಯನಿಂದ ಏನು ಉಪಯೋಗ? ಕಣ್ಣು ಹೋದಾಗಲೇ ಜೀವವೂ ಹೋಗಿದ್ದರೆ ಎಲ್ಲರೂ ಸುಖವಾಗಿರ್ತಿದ್ದೆವು."

ಆಲೂಗಡ್ಡೆ ಸುಲಿಯುವ ಕೈ ನಿಂತಿತು. ಹಾಲಿನಲ್ಲಿ ಪುಟ ಮಗುಚುವ ಸದ್ದೂ ನಿಂತಿತು. ಹೆಂಡತಿ ಅವನ ಮುಖವನ್ನೇ ನೋಡಿದಳು. ಯಾರೋ ಬೇರೆಯವರು ಮನೆಯೊಳಗೆ ನುಗ್ಗಿದ್ದಾರೆ ಅನ್ನುವ ಹಾಗೆ.

ಊಟಕ್ಕೆ ಕೂತಾಗ ಯಾರಿಗೂ ಹಸಿವಿರಲಿಲ್ಲ, ಮುದುಕನನ್ನು ಬಿಟ್ಟು. ಅವನು ಸೂಪಿಗೆ ಬ್ರೆಡ್ಡು ಅದ್ದಿ ತಿನ್ನುತ್ತ ಕೇಳಿದ:

"ಸಂಜೆ ಅಡುಗೆಮನೇಲಿ ಪ್ರಾಕ್ಟೀಸ್ ಮಾಡ್ತಿದ್ದೆಯಲ್ಲ, ಆ ಡೈಲಾಗು ಯಾವಾಗ ಬರುತ್ತೋ?"

ಮಗನ ಕೈಯಲ್ಲಿದ್ದ ಚಮಚ ಸೂಪಿನಲ್ಲೇ ಉಳಿಯಿತು.

"ಹಿರಿಯಣ್ಣನ ಅಪ್ಪನಿಗೂ ಮುಂದೆ ಕಣ್ಣು ಹೋಗುತ್ತೆ ಅನ್ನು ಹಾಗಾದ್ರೆ," ಎಂದ ಮುದುಕ. "ಪಾಪ. ಮೊದಲೇ ಕಾಲಿಲ್ಲ."

ಹೆಂಡತಿ ಗಂಡನನ್ನು ನೋಡಿದಳು. ಮಗಳು ಅಪ್ಪನನ್ನು ನೋಡಿದಳು. ಮಗ ತಟ್ಟೆಯ ಅಂಚಿಗೆ ಎರಡು ಸಲ ಬಡಿದು ಹೇಳಿದ:

"ಹೂಂ ಅಪ್ಪ. ಮುಂದೆ ಬರುತ್ತೆ. ಇನ್ನೂ ಕೆಲವು ವಾರ ಆಗಬಹುದು."

"ಕಟುವಾಗಿದೆ. ಆದ್ರೆ ನೀನು ಚೆನ್ನಾಗಿ ಹೇಳಿದೆ. ನಿಜ ಅನ್ನಿಸೋ ಹಾಗೆ."

ಅಂದಿನಿಂದ ಮುದುಕ ಆ ಮಾತಿಗಾಗಿ ಕಾಯತೊಡಗಿದ. ಸೀರಿಯಲ್ ಶುರುವಾಗುವ ಮೊದಲೇ ಕುರ್ಚಿಯನ್ನು ಟಿ.ವಿ.ಗೆ ಹತ್ತಿರ ಎಳೆದುಕೊಂಡು ಕೂರುತ್ತಿದ್ದ. ಮುಗಿದ ಮೇಲೆ, "ಇವತ್ತೂ ಬರಲಿಲ್ಲ," ಎನ್ನುತ್ತಿದ್ದ. ಮಹಡಿ ಮೇಲಿನ ಹೆಂಗಸು ಸೀರಿಯಲ್ಲಿಗಾಗಿ ಒಲೆ ಆರಿಸಿ ಕೂರುವವಳು. ಅವಳಿಗೂ ಹೇಳಿದ. "ಯಾರಿಗೂ ಹೇಳಬೇಡಮ್ಮ. ಹಿರಿಯಣ್ಣನ ಅಪ್ಪನಿಗೆ ಕಣ್ಣು ಹೋಗೋದಿದೆ. ಆವಾಗ ಹಿರಿಯಣ್ಣ ಒಂದು ಮಾತಾಡ್ತಾನೆ ನೋಡು. ಕೇಳೋಕಾಗಲ್ಲ."

ಅವಳು ಯಾರಿಗೂ ಹೇಳದೇ ಇದ್ದದ್ದು ಮೆಟ್ಟಿಲು ಇಳಿಯುವಷ್ಟು ಹೊತ್ತು. ಎರಡೇ ದಿನದಲ್ಲಿ ಅಂಗಡಿಯವನು ಮಗನನ್ನು ತಡೆದು, "ಸಾರ್, ಕಣ್ಣು ಹೇಗೆ ಹೋಗುತ್ತೆ? ತಮ್ಮನೇ ಏನಾದ್ರೂ ಹಾಕ್ತಾನಾ?" ಎಂದು ಕೇಳಿದ. ಮಗನಿಗೆ ಸಾಮಾನಿನ ಚೀಲ ಭಾರವಾಯಿತು. "ಗೊತ್ತಿಲ್ಲ," ಎಂದು ಚಿಲ್ಲರೆ ಮರೆತು ಬಂದ.

ಮನೆಯಲ್ಲಿ ಮಗಳು ಅವನೊಂದಿಗೆ ಮಾತು ಬಿಟ್ಟಿದ್ದಳು. ಏನಾದರೂ ಬೇಕಾದರೆ ಚಮಚದಿಂದ ತಟ್ಟೆಗೆ ಬಡಿದು ಕೈ ತೋರಿಸುತ್ತಿದ್ದಳು. ಒಂದು ಸಂಜೆ ಅವನು ತಡೆಯಲಾರದೆ, "ಏನೇ ಇದು ನಾಟಕ?" ಎಂದ.

"ನಾಟಕ ನಂದಾ?" ಎಂದಳು. "ಅಜ್ಜ ದಿನಾ ಕೂತು ಕಾಯ್ತಿದ್ದಾರೆ. ಹೋಗಿ ಹೇಳು, ಅದು ಯಾವ ಎಪಿಸೋಡೂ ಅಲ್ಲ ಅಂತ."

"ಹೇಳಿದ್ರೆ ಅವರಿಗೆ ನೋವಾಗುತ್ತೆ."

"ಅವರಿಗಾ?"

ಹೆಂಡತಿ ಬಟ್ಟೆ ಮಡಚುತ್ತಿದ್ದವಳು, "ಅವಳ ಮೇಲೆ ಯಾಕೆ ಕೂಗ್ತೀರಿ?" ಎಂದಳು. ಅವನು ಕೂಗಿರಲಿಲ್ಲ. ಆದರೆ ಈಚೆಗೆ ಅವನು ಬಾಯಿ ತೆರೆದರೆ ಸಾಕು, ಕೂಗಿದ ಹಾಗೆಯೇ ಆಗುತ್ತಿತ್ತು. ಮೀನಿನ ದಿನ ಅವನು ತಾನಾಗಿಯೇ ಮುಳ್ಳು ತೆಗೆಯಲು ತಟ್ಟೆಗೆ ಕೈ ಚಾಚಿದ. "ಇರಲಿ ಬಿಡು, ನಿನಗೆ ಕೆಲಸ ಜಾಸ್ತಿ," ಎಂದು ಮುದುಕ ತಟ್ಟೆಯನ್ನು ಸೊಸೆಯ ಕಡೆ ಜರುಗಿಸಿದ.

ಆಗ ಮಗನಿಗೆ ಒಂದು ಉಪಾಯ ಹೊಳೆಯಿತು. ಆ ಮಾತು ಸೀರಿಯಲ್ಲಿನಲ್ಲಿ ಒಂದು ಸಲ ಬಂದುಬಿಟ್ಟರೆ ಸಾಕು. ಆಮೇಲೆ ಅದು ಅವನದಲ್ಲ, ಹಿರಿಯಣ್ಣನದು.

ಡಬ್ಬಿಂಗಿನಲ್ಲಿ ಒಂದು ಅನುಕೂಲವಿದೆ. ನಟನ ಮುಖ ಕಾಣುವಾಗ ತುಟಿ ಎಷ್ಟು ಅಲುಗುತ್ತದೋ ಅಷ್ಟೇ ಮಾತು. ಬೆನ್ನು ತಿರುಗಿಸಿದರೆ ಏನು ಹೇಳಿಸಿದರೂ ನಡೆಯುತ್ತದೆ. ಹಿರಿಯಣ್ಣನಂತೂ ಈಗ ಅರ್ಧ ಹೊತ್ತು ಬೆನ್ನು ತಿರುಗಿಸಿಯೇ ನಿಂತಿರುತ್ತಿದ್ದ. ಆ ವಾರ ಅಂಥದೇ ದೃಶ್ಯ ಬಂತು. ಗಾಲಿಕುರ್ಚಿಯಲ್ಲಿ ಅಪ್ಪ, ಕಿಟಕಿಯ ಬಳಿ ಹಿರಿಯಣ್ಣ, ತೆರೆಯ ತುಂಬ ಅವನ ಅಗಲ ಬೆನ್ನು. ಸ್ಕ್ರಿಪ್ಟಿನಲ್ಲಿ ಇದ್ದದ್ದು 'ನನಗೆ ಕೆಲಸ ಇದೆ' ಎಂದಷ್ಟೇ.

ಕೆಂಪು ದೀಪ ಹತ್ತಿತು. ಮಗ ಮೈಕಿನ ಮುಂದೆ ನಿಂತು ಹೇಳಿದ: "ನನಗೆ ಕೆಲಸ ಇದೆ. ಒಂದು ಕುರ್ಚಿ ಜಾಗ ಹಿಡಿದುಕೊಂಡು ಕೂರೋದು ಬಿಟ್ಟು ಈ ಮನೆಗೆ ನಿಮ್ಮಿಂದ ಏನು ಉಪಯೋಗ? ಕಣ್ಣು ಹೋದಾಗಲೇ ಜೀವವೂ—"

"ನಿಲ್ಲಿಸಿ, ನಿಲ್ಲಿಸಿ," ಎಂದರು ಮೇಡಂ ಗಾಜಿನ ಆಚೆಯಿಂದ. "ಇದೇನಿದು? ಯಾರ ಕಣ್ಣು?"

"ಬೆನ್ನು ಕಾಣ್ತಿದೆಯಲ್ಲ ಮೇಡಂ. ಇನ್ನೂ ಸ್ವಲ್ಪ ಮಾತು ಹಿಡಿಯುತ್ತೆ. ಪಾತ್ರಕ್ಕೆ ಒಂದು ತೂಕ ಬರುತ್ತೆ ಅಂತ."

ಮೇಡಂ ಇಂಜಿನಿಯರಿಗೆ ಸನ್ನೆ ಮಾಡಿ ಅದನ್ನು ಮತ್ತೊಮ್ಮೆ ಹಾಕಿಸಿದರು. ಮಗನ ಹೆಡ್‌ಫೋನಿನಲ್ಲೂ ಅದು ಕೇಳಿಸಿತು. ಅಡುಗೆಮನೆಯಲ್ಲಿ ಆಡಿದಾಗ ಅವನು ಅದನ್ನು ಕೇಳಿಸಿಕೊಂಡಿರಲಿಲ್ಲ. ಈಗ ಎರಡೂ ಕಿವಿಯೊಳಗೆ, ಅಷ್ಟು ಹತ್ತಿರದಿಂದ, ತನ್ನದೇ ದನಿಯಲ್ಲಿ ಕೇಳಿದ.

"ಛೀ," ಎಂದರು ಮೇಡಂ. "ನಮ್ಮ ಹಿರಿಯಣ್ಣ ಒರಟ ನಿಜ, ಇಷ್ಟು ಕೆಟ್ಟವನಲ್ಲ. ಇಂಥ ಮಾತಾಡಿದ ಮೇಲೆ ಅವನನ್ನ ವಾಪಸ್ಸು ಒಳ್ಳೆಯವನು ಮಾಡೋದು ಹೇಗೆ? ಯಾರು ಬರೆದದ್ದು ಇದನ್ನ?"

ಮಗ ಸ್ಕ್ರಿಪ್ಟಿನ ಹಾಳೆ ತಿರುವಿದ. ಹುಡುಕುವವನ ಹಾಗೆ.

"ಅಳಿಸಲಾ?" ಎಂದ ಇಂಜಿನಿಯರ್.

"ಅಳಿಸು," ಎಂದರು ಮೇಡಂ.

ಇಂಜಿನಿಯರಿಗೆ ಒಂದು ಗುಂಡಿ ಒತ್ತಿದರೆ ಮುಗಿಯಿತು. ಮಗ 'ನನಗೆ ಕೆಲಸ ಇದೆ' ಎಂದು ಮತ್ತೆ ಹೇಳಿದ. ದನಿ ನಡುಗಿತೆಂದು ಮೇಡಂ ಇನ್ನೊಂದು ಸಲ ಹೇಳಿಸಿದರು. ಅದೂ ಸರಿಬರಲಿಲ್ಲ. ಹೊರಗೆ ಹೋಗಿ ನೀರು ಕುಡಿದು ಬರಲು ಹೇಳಿದರು.

ಮೇಡಂ ಹೇಳಿದ ಹಾಗೆಯೇ ಆಯಿತು. ಕೆಲವು ವಾರಗಳ ನಂತರ ಸೀರಿಯಲ್ ಮುಗಿಸುವ ಅಪ್ಪಣೆ ಬಂತು, ಹಿರಿಯಣ್ಣನನ್ನು ಒಳ್ಳೆಯವನಾಗಿ ಮಾಡುವ ಕೆಲಸ ಅವಸರದಲ್ಲಿ ಶುರುವಾಯಿತು. ಗಡ್ಡ ಹೋಯಿತು. 'ಅಲ್ವಾ?' ವಾಪಸ್ಸು ಬಂತು. ತಮ್ಮನ ಕೆನ್ನೆ ಸವರಿದ. ಮಗ ಹಳೆಯ ದನಿಗಾಗಿ ಗಂಟಲಲ್ಲಿ ತಡಕಾಡಿದ. "ಸಾರ್, ಮೊದಲು ಸಲೀಸಾಗಿ ಬರ್ತಿತ್ತಲ್ಲ," ಎಂದ ಇಂಜಿನಿಯರ್.

ಕೊನೆಯ ಕಂತಿನ ದಿನ ಮನೆಯಲ್ಲಿ ಮೀನು ಮಾಡಿದ್ದರು. ಮಹಡಿಯ ಹೆಂಗಸು ತನ್ನ ಮನೆಯ ಟಿ.ವಿ. ಬಿಟ್ಟು ಇಲ್ಲಿಗೇ ಬಂದು ಕೂತಿದ್ದಳು. ಮಗ ಯಾರಿಗೂ ಅವಕಾಶ ಕೊಡದೆ ಅಪ್ಪನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ಮೀನನ್ನು ದೀಪದ ಕೆಳಗೆ ಬಿಡಿಸಿ, ಕೂದಲೆಳೆಯಂಥ ಮುಳ್ಳನ್ನೂ ಬಿಡದೆ ಹೆಕ್ಕಿದ. ತೆರೆಯ ಮೇಲೆ ಹಿರಿಯಣ್ಣ ಗಾಲಿಕುರ್ಚಿಯ ಮುಂದೆ ಮೊಣಕಾಲೂರಿ, "ಅಪ್ಪಾ, ತಪ್ಪಾಯ್ತು. ನಿಮ್ಮ ಮುಖ ನೋಡೋ ಯೋಗ್ಯತೆ ನನಗಿಲ್ಲ. ಕ್ಷಮಿಸ್ತೀರಾ?" ಎಂದು ಅಳುತ್ತಿದ್ದ. ಮಹಡಿಯ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗ ತಲೆಯೆತ್ತಲಿಲ್ಲ.

ಹೆಸರುಗಳು ಉರುಳತೊಡಗಿದವು. ದನಿ ಕೊಟ್ಟವರ ಹೆಸರು ಇರಲಿಲ್ಲ, ಯಾವಾಗಲೂ ಇರುತ್ತಿರಲಿಲ್ಲ.

"ಮುಗಿದೇ ಹೋಯ್ತಲ್ಲ ಗಡಿಯಾರದಜ್ಜ!" ಎಂದಳು ಹೆಂಗಸು. "ಕಣ್ಣು ಹೋಗೋದು ಎಲ್ಲಿ ಬಂತು? ಆ ಮಾತು? ನಾನು ಇಡೀ ಬೀದಿಗೆ ಹೇಳಿದ್ದೆ."

"ಎಲ್ಲೋ ಕತ್ತರಿಸಿರಬೇಕಮ್ಮ," ಎಂದ ಮುದುಕ. "ಉದ್ದ ಆಯ್ತು ಅಂತ."

"ಕತ್ತರಿಸಿದ್ದೇ ಒಳ್ಳೇದಾಯ್ತು ಬಿಡಿ," ಎಂದು ಅವಳು ಮೂಗು ಸೀಟಿಕೊಂಡು ಮೆಟ್ಟಿಲು ಹತ್ತಿ ಹೋದಳು.

ಮಗಳು ಎದ್ದು ಟಿ.ವಿ. ಆರಿಸಿದಳು. ಹೆಂಡತಿ ಬಾಗಿಲು ಹಾಕಿ ಬಂದು ಕೂತಳು. ಇನ್ನು ಚಮಚದ ಅಗತ್ಯವಿರಲಿಲ್ಲ. ಆದರೂ ಮಗ ಚಮಚ ಎತ್ತಿಕೊಂಡು ತಟ್ಟೆಯ ಅಂಚಿಗೆ ಎರಡು ಸಲ ಬಡಿದ. ನಿಶ್ಶಬ್ದದಲ್ಲಿ ಆ ಸದ್ದು ಬೇಕಾದ್ದಕ್ಕಿಂತ ದೊಡ್ಡದಾಯಿತು.

"ಹೇಳು," ಎಂದ ಮುದುಕ.

"ಅಪ್ಪ... ಆ ಮಾತು ಸೀರಿಯಲ್ಲಿಂದಲ್ಲ." ಎದೆಯ ದನಿಯೂ ಬರಲಿಲ್ಲ, ಹಳೆಯ ದನಿಯೂ ಬರಲಿಲ್ಲ. ಗಂಟಲಿನಿಂದ ಏನೋ ಒಂದು ಬಂತು. "ಅಡುಗೆಮನೇಲಿ ಆಡಿದ್ದು. ಅದು ನಂದು. ನಿಮ್ಮ ಬಗ್ಗೇನೇ ಹೇಳಿದ್ದು."

"ಗೊತ್ತು ಕಣೋ."

"ಯಾವಾಗಿಂದ?"

"ಆವತ್ತಿಂದ." ಮುದುಕ ಮೇಜಿನ ಮೇಲೆ ಕೈಯಾಡಿಸಿ ನೀರಿನ ಲೋಟ ಹುಡುಕಿಕೊಂಡ. "ಪ್ರಾಕ್ಟೀಸ್ ಮಾಡೋವನು ಒಂದೇ ಸಲ ಹೇಳಿ ಸುಮ್ಮನಾಗ್ತಾನಾ?"

"ಮತ್ತೆ ಯಾಕಪ್ಪ ದಿನಾ ಟಿ.ವಿ. ಮುಂದೆ ಕೂತು ಕಾಯ್ತಿದ್ರಿ?"

ಮುದುಕ ನೀರು ಕುಡಿದ. ಲೋಟವನ್ನು ಎತ್ತಿದ ಜಾಗದಲ್ಲೇ ಇಟ್ಟ.

"ಬಂದ್ರೂ ಬರಬಹುದು ಅಂತ," ಎಂದ.

ಮಗಳು ಎದ್ದು ಬಂದು ಅಜ್ಜನ ಪಕ್ಕದಲ್ಲಿ ಕೂತಳು. ಮಗ ಬಿಡಿಸಿಟ್ಟ ಮೀನಿನ ತಟ್ಟೆಯನ್ನು ಮೆಲ್ಲಗೆ ಅಪ್ಪನ ಮುಂದೆ ಸರಿಸಿದ.

"ತಗೊಳ್ಳಿ ಅಪ್ಪ. ಮುಳ್ಳು ತೆಗೆದಿದ್ದೀನಿ. ಒಂದೂ ಇಲ್ಲ."

"ಹೂಂ," ಎಂದ ಮುದುಕ.

ಅವನು ಅಂಗಿಯ ತೋಳು ಮಡಚಿಕೊಂಡು ತಟ್ಟೆಗೆ ಕೈ ಹಾಕಿದ. ಗಡಿಯಾರದೊಳಗಿನ ಸ್ಪ್ರಿಂಗು ಹಿಡಿದ ಬೆರಳುಗಳು ಮೀನಿನ ತುಂಡನ್ನು ಎಳೆ ಎಳೆಯಾಗಿ ಬಿಡಿಸಿದವು, ಹೆಬ್ಬೆರಳ ಮೇಲೆ ಸವರಿ ನೋಡಿದವು, ಒಂದು ಬದಿಗೆ ಇಟ್ಟವು, ಇನ್ನೊಂದು ತುಂಡಿಗೆ ಹೋದವು. ಯಾರ ಸಹಾಯವೂ ಬೇಕಿಲ್ಲದ ಹಾಗೆ, ಮೊದಲಿನಿಂದಲೂ ಬೇಕಿರಲಿಲ್ಲವೇನೋ ಅನ್ನುವ ಹಾಗೆ ಅವು ಕೆಲಸ ಮಾಡುತ್ತಿದ್ದವು. ಮಗ ನೋಡುತ್ತ ಕೂತಿದ್ದ. ಇಡೀ ತಟ್ಟೆ ಹುಡುಕಿ ಮುಗಿಯಿತು. ಒಂದು ಮುಳ್ಳೂ ಸಿಗಲಿಲ್ಲ.

ಮುದುಕ ತಟ್ಟೆಯನ್ನು ತುಸು ತಿರುಗಿಸಿಕೊಂಡು ಮತ್ತೆ ಮೊದಲಿನಿಂದ ಹುಡುಕತೊಡಗಿದ.